ಕೆಸರಿಗೆ ಗಾಳಿ ಹಾಕಿದವನು

ಕೆಸರಣ್ಣ ಬಸ್ಸು ಹತ್ತಿದರೆ ಉಳಿದವರೆಲ್ಲ ಇಳಿದುಬಿಡುತ್ತಿದ್ದರು ಎಂದು ಊರಿನಲ್ಲಿ ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಡ್ರೈವರು ಇಳಿಯುತ್ತಿರಲಿಲ್ಲ, ಅವನಿಗೆ ಬೇರೆ ದಾರಿ ಇರಲಿಲ್ಲ. ಇನ್ನೊಮ್ಮೆ ಕೆಸರಣ್ಣ ಮೊಟ್ಟೆ ಕೊಳ್ಳಲು ಹೋಗಿ ನಿಂತಾಗ, ಅಂಗಡಿಯವನು ಮೂಗು ಹಿಂಡಿಕೊಂಡು, ಬುಟ್ಟಿಯಲ್ಲಿದ್ದ ಮೊಟ್ಟೆಗಳೆಲ್ಲ ಕೊಳೆತುಹೋದವೆಂದು ಹಿತ್ತಿಲಿಗೆ ಎಸೆದು ಬಂದನಂತೆ. ಗಿರಾಕಿ ಬೀದಿ ದಾಟಿದ ಮೇಲೆ ವಾಸನೆಯೂ ಅವನ ಹಿಂದೆಯೇ ಬೀದಿ ದಾಟಿತು. ಆಗ ಅಂಗಡಿಯವನು ತಲೆ ಚಚ್ಚಿಕೊಂಡ. ಇದು ಮಾತ್ರ ಪೂರ್ತಿ ನಿಜ. ಆ ಹಿತ್ತಿಲಿನ ಬೆಕ್ಕು ಕೊನೆಯವರೆಗೂ ದಪ್ಪಗೇ ಇತ್ತು.

ಹಾಗಂತ ವಾಸನೆ ಅವನದಲ್ಲ, ಅವನ ಕೆಲಸದ್ದು. ಊರಿನ ಅಂಚಿನಲ್ಲಿ ಉಪ್ಪುನೀರಿನ ದೊಡ್ಡ ಕೆರೆ, ಕೆರೆಯ ದಡದಲ್ಲಿ ಕೆಸರು ಸ್ನಾನದ ಮನೆ. ಮಂಡಿ ಹಿಡಿದವರು, ಸೊಂಟ ಹಿಡಿದವರು, ಕತ್ತು ಒಂದೇ ಕಡೆ ತಿರುಗಿ ನಿಂತುಹೋದವರು ಅಲ್ಲಿಗೆ ಬರುತ್ತಾರೆ. ಬಿಳಿ ಟೈಲ್ಸ್ ಹಾಕಿದ ಸಣ್ಣ ಸಣ್ಣ ಕೋಣೆಗಳು. ಒಂದೊಂದರಲ್ಲೂ ಒಂದು ಮರದ ಮಂಚ, ಅದರ ಮೇಲೆ ದಪ್ಪ ಹೊದಿಕೆ. ಕೆರೆಯ ತಳದ ಕರಿ ಕೆಸರನ್ನು ಬಿಸಿ ಮಾಡಿ ಮೈಗೆ ಮೆತ್ತಿ, ಹೊದಿಕೆ ಸುತ್ತಿ, ಬೆವರು ಧಾರಾಕಾರವಾಗಿ ಇಳಿಯುವವರೆಗೆ ಮಲಗಿಸುವುದು ಅಲ್ಲಿನ ಚಿಕಿತ್ಸೆ. ಗುಣವೇನೂ ಕಡಿಮೆಯದಲ್ಲ. ಗೇಟಿನಿಂದ ಕುರ್ಚಿಯಲ್ಲಿ ಕೂರಿಸಿ ಒಳಗೆ ಹೊತ್ತು ತಂದಿದ್ದ ಒಬ್ಬ ಮುದುಕ ಕೆಲವು ವಾರಗಳಾದ ಮೇಲೆ ಆ ಕುರ್ಚಿಯನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡು ಓಡಿಹೋದ. ಕುರ್ಚಿ ಸ್ನಾನದ ಮನೆಯದ್ದಾಗಿತ್ತು.

ಹೀಗೆ ಮೈಗೆ ಮೆತ್ತಿದ ಕೆಸರು ಒಂದೇ ಸಲಕ್ಕೆ ಸೋತುಹೋಗುತ್ತದೆ. ಕಪ್ಪು ಕಳೆದು ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಹಿಡಿದರೆ ಜಿಗುಟು ಇರುವುದಿಲ್ಲ. ಅದನ್ನು ಎಸೆಯುವಂತಿಲ್ಲ. ಹಿತ್ತಿಲಿನಲ್ಲಿ ಕಟ್ಟಿಸಿದ ಗುಂಡಿಗೆ ಹಾಕಿ, ಮೇಲೆ ಕೆರೆಯ ನೀರು ನಿಲ್ಲಿಸಿ, ಹಲಗೆ ಮುಚ್ಚಿ ತಿಂಗಳುಗಟ್ಟಲೆ ಬಿಡುತ್ತಾರೆ. ರೋಗಿಗಳು ಕೆಸರಿನಲ್ಲಿ ಮಲಗಿ ಸುಧಾರಿಸಿಕೊಳ್ಳುತ್ತಾರೆ. ರೋಗಿಗಳಿಂದ ಸುಸ್ತಾದ ಕೆಸರು ಗುಂಡಿಯಲ್ಲಿ ಮಲಗಿ ಸುಧಾರಿಸಿಕೊಳ್ಳುತ್ತದೆ. ಚಳಿಗಾಲ ಪೂರ್ತಿ ಸ್ನಾನದ ಮನೆಗೆ ಬೀಗ, ಕೆಸರಿಗೆ ನಿದ್ದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಅದು ಮತ್ತೆ ಕಾಡಿಗೆಯ ಹಾಗೆ ಕಪ್ಪಾಗಿ, ಬೆಣ್ಣೆಯ ಹಾಗೆ ನುಣುಪಾಗಿ, ಜಗತ್ತಿನ ಕೊಳೆತ ಮೊಟ್ಟೆಗಳೆಲ್ಲ ಒಂದೆಡೆ ಸಭೆ ಸೇರಿದ ಹಾಗೆ ನಾರುತ್ತಾ ಏಳುತ್ತದೆ.

ಆ ಕೆಸರನ್ನು ಮಲಗಿಸುವವನು, ಎಬ್ಬಿಸುವವನು ಕೆಸರಣ್ಣ. ಹಲಗೆಯ ದಾರಿಯ ಮೇಲೆ ಒಂದು ಚಕ್ರದ ಕೈಗಾಡಿ ತಳ್ಳುತ್ತಾ ಕೆಸರನ್ನು ಕೋಣೆಗಳಿಗೆ ಮುಟ್ಟಿಸಿ, ಸೋತದ್ದನ್ನು ವಾಪಸು ತಂದು ಗುಂಡಿಗೆ ಸುರಿಯುವುದರಲ್ಲೇ ಅವನ ತಲೆ ಅರ್ಧ ನರೆತಿತ್ತು. ಕೆಸರು ಹದಕ್ಕೆ ಬಂದಿದೆಯೇ ಎಂದು ನೋಡಲು ಅವನಿಗೆ ಒಂದೇ ಪರೀಕ್ಷೆ: ಹಲಗೆ ಎತ್ತಿದಾಗ ಕಣ್ಣಲ್ಲಿ ನೀರು ಬಂದರೆ ಹದ, ಬರದಿದ್ದರೆ ಇನ್ನೂ ಬೇಕು.

ಅವನ ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ತಮ್ಮನು ಬೀದಿಯ ತಿರುವಿಗೆ ಬಂದದ್ದು ಅವಳ ಮೂಗಿಗೆ ಮೊದಲು ತಿಳಿಯುತ್ತಿತ್ತು. ಆಗ ಎದ್ದು ಒಲೆ ಹಚ್ಚುತ್ತಿದ್ದಳು. ಹಿತ್ತಿಲ ಗೋಡೆಗೆ ಒಂದು ಮೊಳೆ ಹೊಡೆದು, ಕೆಳಗೆ ಬಕೆಟ್ಟು, ಸೋಪು, ಒಗೆದ ಬಟ್ಟೆ ಇಟ್ಟಿರುತ್ತಿದ್ದಳು. ಕೆಲಸದ ಅಂಗಿ ಆ ಮೊಳೆಗೆ. ಅದು ಹೊಸಿಲು ದಾಟುವಂತಿಲ್ಲ.

"ಮದುವೆ ಮಾಡ್ಕೋ ಅಂತ ಹೇಳಿ ಹೇಳಿ ನನ್ನ ಹಲ್ಲೇ ಉದುರಿ ಹೋಯ್ತು," ಎನ್ನುತ್ತಿದ್ದಳು ಅಕ್ಕ. "ನೀನು ಸುಮ್ನೆ ಕೂತ್ರೆ ಹೆಣ್ಣು ತಾನಾಗೇ ಬರ್ತಾಳಾ?"

"ಬರ್ತಾಳೆ ಅಕ್ಕ. ಗಾಳಿ ಎದುರು ದಿಕ್ಕಿಗೆ ಬೀಸಬೇಕು, ಅಷ್ಟೇ."

ಬಾಯಲ್ಲಿ ಹೀಗೆ ಅಂದರೂ, ಗಾಳಿ ಯಾವ ಕಡೆ ಬೀಸಬೇಕೆಂದು ಅವನ ಮನಸ್ಸಿನಲ್ಲಿ ಆಗಲೇ ಗೊತ್ತಾಗಿತ್ತು. ಗುಂಡಿಯ ಪಕ್ಕದಲ್ಲೇ ಬಟ್ಟೆ ಒಗೆಯುವ ಷೆಡ್ಡು. ಅಲ್ಲಿ ಹೊದಿಕೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಹಾಕುತ್ತಿದ್ದವಳನ್ನು ಎಲ್ಲರೂ ಇಸ್ತ್ರಿಯಮ್ಮ ಎನ್ನುತ್ತಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನಡಿಗೆ ನೆಟ್ಟಗೆ, ಮಾತು ಅದಕ್ಕಿಂತ ನೆಟ್ಟಗೆ. ಅವಳು ಮಡಿಸಿಟ್ಟ ಹೊದಿಕೆಯ ಅಂಚಿನಲ್ಲಿ ತರಕಾರಿ ಹೆಚ್ಚಬಹುದಿತ್ತು. ಊರಿನವರೆಲ್ಲ, ಎಂಬತ್ತು ದಾಟಿದ ರೋಗಿಗಳು ಕೂಡ, ಅವನನ್ನು "ಕೆಸರಣ್ಣ" ಎಂದು ಕರೆದರೆ, ಇವಳೊಬ್ಬಳು ಮಾತ್ರ ಅಷ್ಟು ವರ್ಷದಲ್ಲಿ ಒಂದು ಸಲವೂ ಅವನಿಗೆ ಅಣ್ಣನನ್ನು ಅಂಟಿಸಿರಲಿಲ್ಲ. "ಕೆಸರಿನವರೇ" ಎನ್ನುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಇದನ್ನು ಗಮನಿಸುತ್ತಿರಲಿಲ್ಲ. ಕೆಸರಣ್ಣ ಇದೊಂದನ್ನೇ ಆಧಾರ ಮಾಡಿಕೊಂಡು ಮನಸ್ಸಿನಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿ, ಮೇಲೆ ನೀರಿನ ಟ್ಯಾಂಕೂ ಇಟ್ಟಿದ್ದ.

ಆ ವರ್ಷದ ಸೀಸನ್ ಮುಗಿದು, ಕೊನೆಯ ರೋಗಿ ಊರಿಗೆ ಹೋದ ದಿನ ಧೈರ್ಯ ಮಾಡಿದ. ಷೆಡ್ಡಿನ ಮುಂದಿನ ಬೆಂಚಿನ ಮೇಲೆ ಇಬ್ಬರೂ ಟೀ ಕುಡಿಯುತ್ತಿದ್ದಾಗ, ಕಾಗದದಲ್ಲಿ ಸುತ್ತಿದ್ದ ಬೆಳ್ಳಿಯ ಉಂಗುರ ತೆಗೆದು ಬೆಂಚಿನ ಮೇಲಿಟ್ಟು, ಟೀ ಲೋಟದ ತಳವನ್ನೇ ನೋಡುತ್ತಾ ಕುಳಿತ.

ಇಸ್ತ್ರಿಯಮ್ಮ ಉಂಗುರ ನೋಡಿದಳು, ಅವನನ್ನು ನೋಡಿದಳು. "ಇದು ಯಾರದ್ದು?"

"ಹಾಕ್ಕೊಂಡವರದ್ದು."

ಅವಳು ನಗಲಿಲ್ಲ, ಆದರೆ ಹಾಕಿಕೊಂಡಳು. ಕೆಸರಣ್ಣ ಆ ದಿನ ಕೈಗಾಡಿಯನ್ನು ಎತ್ತಿ ಮುದ್ದಾಡುವುದೊಂದು ಬಾಕಿ.

ಮಾರನೇ ಬೆಳಿಗ್ಗೆ ಅವಳು ಬೆರಳು ಚಾಚಿಕೊಂಡೇ ಬಂದಳು. ಉಂಗುರ ಕಾಗೆಯ ರೆಕ್ಕೆಯಷ್ಟು ಕಪ್ಪಾಗಿತ್ತು.

"ನೋಡಿ ಕೆಸರಿನವರೇ. ನಿನ್ನೆ ಬೆಳ್ಳಿ, ಇವತ್ತು ಬಾಣಲೆ ತಳ."

"ಅಂಗಡಿಯವನು ಟೋಪಿ ಹಾಕಿದಾನೆ! ಈಗಲೇ ಹೋಗಿ..."

"ಅಂಗಡಿಯವನು ಪಾಪ, ಏನೂ ಮಾಡಿಲ್ಲ. ಎಲ್ಲ ನಿಮ್ಮ ವಾಸನೆ ಮಹಿಮೆ. ನನ್ನ ಬೆಳ್ಳಿ ಓಲೆಗೂ ಹಿಂದೆ ಹಿಂಗೇ ಆಗಿತ್ತು." ಉಂಗುರ ತೆಗೆದು ಅವನ ಅಂಗೈಯಲ್ಲಿಟ್ಟಳು. "ಗುಂಡಿ ಹತ್ರ ಬಂದ್ರೆ ವಾಸನೆ, ಸರಿ. ಟೀ ಕುಡಿಯೋಕೆ ಕೂತ್ರೂ ನಿಮ್ಮ ಮೈಯಿಂದ ಅದೇ ವಾಸನೆ. ಉಂಗುರ ನಿಮ್ಮ ಹತ್ರಾನೇ ಇರ್ಲಿ. ಈ ವಾಸನೆ ಬಿಟ್ಟು ಬಂದ ದಿನ ಮಾತಾಡೋಣ."

ಬುದ್ಧಿ ನೆಟ್ಟಗಿದ್ದ ಗಂಡಸು ಯಾರೇ ಆದರೂ ಈ ಮಾತು ಕೇಳಿ ಒಂದು ಒಳ್ಳೆಯ ಸೋಪು ಕೊಂಡುಕೊಳ್ಳುತ್ತಿದ್ದ. ಕೆಸರಣ್ಣ ಅಷ್ಟು ಸಣ್ಣದಾಗಿ ಯೋಚಿಸುವವನಲ್ಲ. ವಾಸನೆ ಎಲ್ಲಿಂದ ಬರುತ್ತದೆ? ಗುಂಡಿಯಿಂದ. ಹಾಗಾದರೆ ಗುಂಡಿಯ ಬಾಯಿ ಮುಚ್ಚಿಸಬೇಕು. ಸ್ನಾನದ ಮನೆಯ ಮುಂದೆ ಒಂದು ಮೀನಿನ ಕೊಳವಿತ್ತು. ಹಿಂದೆ ಅದರ ನೀರು ಕೆಟ್ಟು ನಾರುತ್ತಿದ್ದಾಗ, ತೋಟದವನು ಗಾಳಿ ಊದುವ ಒಂದು ಪಂಪು ಇಟ್ಟಿದ್ದ. ವಾಸನೆ ಹೇಳಹೆಸರಿಲ್ಲದಂತೆ ಹೋಗಿತ್ತು. ಚಳಿಗಾಲದಲ್ಲಿ ಕೊಳ ಖಾಲಿ, ಪಂಪಿಗೂ ರಜೆ. ಕೆಸರಣ್ಣ ಅದನ್ನು ಬಗಲಲ್ಲಿ ಇಟ್ಟುಕೊಂಡು ಬಂದು, ಉದ್ದ ಕೊಳವೆ ಸಿಕ್ಕಿಸಿ, ಕೆಸರಿನ ತಳದವರೆಗೆ ಇಳಿಬಿಟ್ಟು, ಸ್ವಿಚ್ಚು ಒತ್ತಿ, ಮೇಲೆ ಹಲಗೆ ಮುಚ್ಚಿದ. ಒಳಗೆ ಗುಳುಗುಳು ಎಂದು ಗುಳ್ಳೆಗಳು ಎದ್ದವು. ಗುಂಡಿ ನಗುತ್ತಿದೆ ಎಂದುಕೊಂಡ. ದಿನವೂ ಕೆಸರನ್ನು ಮೊರದಂತಹ ಸಲಿಕೆಯಿಂದ ಮಗುಚುತ್ತಾ ಎಲ್ಲ ಮೂಲೆಗೂ ಗಾಳಿ ಉಣ್ಣಿಸಿದ.

ವಾಸನೆ ಹೋಯಿತು. ಮೊದಲು ಗುಂಡಿಯಿಂದ, ಆಮೇಲೆ ಷೆಡ್ಡಿನಿಂದ, ಕೊನೆಗೆ ಕೆಸರಣ್ಣನಿಂದ. ಬೀದಿಯ ನಾಯಿಗಳು ಅವನ ಗುರುತು ಸಿಗದೆ ಬೊಗಳಿದವು. ಮನೆಯಲ್ಲಿ ಅಕ್ಕನಿಗೆ ಅವನು ಬಂದದ್ದೇ ತಿಳಿಯದೆ ಒಲೆ ಹಚ್ಚಿರಲಿಲ್ಲ.

"ಯಾಕೋ, ಮೈಯಲ್ಲಿ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು. "ವಾಸನೇನೇ ಇಲ್ವಲ್ಲೋ! ಕೆಲಸದಿಂದ ತೆಗೆದು ಹಾಕಿದ್ರಾ?"

ಇಸ್ತ್ರಿಯಮ್ಮ ಟೀ ಹೊತ್ತಿನಲ್ಲಿ ಬೆಂಚಿನ ಆ ತುದಿಯಿಂದ ಈ ಕಡೆಗೆ ಸರಿದು ಕುಳಿತಳು. ಗಾಳಿಯನ್ನು ಮೆಲ್ಲನೆ ಎಳೆದುಕೊಂಡು, "ಪರವಾಗಿಲ್ವೇ! ಯಾವ ಸೋಪು?" ಎಂದು ಕೇಳಿದಳು.

ನಿಜ ಹೇಳಬಹುದಿತ್ತು. ಆದರೆ ಅವಳು ಅಷ್ಟು ಹತ್ತಿರ ಕುಳಿತಿದ್ದಾಗ ನಿಜ ಹುಡುಕಿಕೊಂಡು ಹೋಗಲು ಅವನಿಗೆ ಪುರುಸೊತ್ತಿರಲಿಲ್ಲ. "ಆ ಹಳದಿ ಸೋಪು," ಎಂದುಬಿಟ್ಟ.

ಅವಳು ಪಕ್ಕದ ಮನೆಯವಳಿಗೆ ಹೇಳಿದಳು. ಪಕ್ಕದ ಮನೆಯವಳು ಊರಿಗೇ ಹೇಳಿದಳು. ಕೆಸರಣ್ಣನ ವಾಸನೆಯನ್ನೇ ಹೋಗಲಾಡಿಸಿದ ಸೋಪು ಎಂದರೆ ಬಿಡುತ್ತಾರೆಯೇ? ವಾರದೊಳಗೆ ಅಂಗಡಿಗಳಲ್ಲಿ ಹಳದಿ ಸೋಪು ಸಿಗದಾಯಿತು. ಜನ ಅದರಲ್ಲಿ ಕೋಟು ತೊಳೆದರು, ನಾಯಿ ತೊಳೆದರು, ಒಬ್ಬನಂತೂ ತನ್ನ ಮಾವನನ್ನೇ ತೊಳೆದ. ಮೊಟ್ಟೆ ಎಸೆದಿದ್ದ ಅಂಗಡಿಯವನು ಕೆಸರಣ್ಣನಿಗೆ ಕೈ ಮುಗಿದು ಕುರ್ಚಿ ಹಾಕಿದ.

ಚಳಿಗಾಲ ಹೀಗೆ ಹಬೆಯಾಡುವ ಟೀ ಲೋಟಗಳ ನಡುವೆ ಕಳೆಯಿತು. ಇಸ್ತ್ರಿಯಮ್ಮ ಅವನ ಹರಿದ ಅಂಗಿಗೆ ಗುಂಡಿ ಹಾಕಿಕೊಟ್ಟಳು. ಅವನು ಅವಳ ಷೆಡ್ಡಿನ ಸೋರುವ ನಲ್ಲಿ ಸರಿಮಾಡಿದ. ಅದು ಮರುದಿನ ಇನ್ನೂ ಜೋರಾಗಿ ಸೋರಿತು. ಅದಕ್ಕೂ ಅವಳು ಬೈಯಲಿಲ್ಲ. ಉಂಗುರವನ್ನು ಅವನು ಹಲ್ಲುಪುಡಿ ಹಾಕಿ ತಿಕ್ಕಿ ತಿಕ್ಕಿ ಮತ್ತೆ ಬಿಳಿ ಮಾಡಿ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದ. ಸೀಸನ್ ಶುರುವಾದ ದಿನ ಕೊಡುವುದೆಂದು ತೀರ್ಮಾನ.

ಬಾಗಿಲು ತೆರೆಯುವ ಹಿಂದಿನ ವಾರ ಪಂಪು ಎತ್ತಿಟ್ಟು, ಹಲಗೆ ಸರಿಸಿ ಕೆಸರನ್ನು ನೋಡಿದ. ಕಣ್ಣಲ್ಲಿ ನೀರು ಬರಲಿಲ್ಲ. ಬಂದದ್ದು ಬೆನ್ನಲ್ಲಿ ಬೆವರು. ಗುಂಡಿಯ ತುಂಬ ಕೆಸರು ಒದ್ದೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಬಿದ್ದಿತ್ತು. ಮೂಗು ಹತ್ತಿರ ಒಯ್ದರೆ ಹೊಸ ಮಡಕೆಯ ವಾಸನೆ. ಬಿಸಿ ಮಾಡಿದರೆ ಕಪ್ಪಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಿಸಿ ಮಾಡಿದರೆ ಬಿಸಿ ಇಟ್ಟಿಗೆಯ ಬಣ್ಣವಾಯಿತು, ಅಷ್ಟೇ.

ಮೊದಲ ದಿನವೇ ರಂಪ. ವರ್ಷವೂ ತಪ್ಪದೆ ಬರುತ್ತಿದ್ದ ಮಂಡಿನೋವಿನ ಮೇಷ್ಟರು ಕೆಸರು ಮೆತ್ತಿದ ತಕ್ಷಣ ಎದ್ದು ಕುಳಿತರು.

"ಏನಯ್ಯ ಇದು? ವಾಸನೆ ಎಲ್ಲಿ?"

"ಈ ಸಲ ವಾಸನೆ ಇಲ್ಲ ಮೇಷ್ಟ್ರೇ. ಒಳ್ಳೇದಲ್ವಾ?"

"ಒಳ್ಳೇದಾ? ಮೂಗಿಗೆ ಬಡಿದ್ರೆ ತಾನೇ ಮಂಡಿಗೆ ಇಳಿಯೋದು! ಕಳೆದ ವರ್ಷದ ಕೆಸರೇ ಹಾಕಪ್ಪ. ಇದನ್ನ ತಗೊಂಡು ಹೋಗಿ ಹೂವಿನ ಕುಂಡಕ್ಕೆ ಹಾಕು."

ರೋಗಿಗಳು ಸುಟ್ಟ ಮಡಕೆಗಳ ಹಾಗೆ ಕೆಂಪಗಾಗಿ ಸಾಲಾಗಿ ಹೊರಗೆ ಬಂದರು. ಸ್ನಾನದ ಮನೆಯ ಯಜಮಾನಿ, ನಿಧಾನದ ಹೆಂಗಸು, ಗುಂಡಿಯ ಹತ್ತಿರ ಬಂದು ನಿಂತು ನಿಟ್ಟುಸಿರು ಬಿಟ್ಟಳು. "ಕೆಸರಿಗೂ ವಯಸ್ಸಾಗುತ್ತೆ ಅನ್ಸುತ್ತೆ ಕೆಸರಣ್ಣ. ನಮ್ಮಪ್ಪನ ಕಾಲದ್ದು. ಈಗೆಲ್ಲ ಪ್ಯಾಕೆಟ್ಟಿನಲ್ಲಿ ಪುಡಿ ಬರುತ್ತಂತೆ, ಗುಲಾಬಿ ವಾಸನೇದು. ಗುಂಡಿ ಮುಚ್ಚಿಸಿ ಸಿಮೆಂಟ್ ಹಾಕಿಸಿಬಿಡೋಣ, ಅಲ್ವಾ?"

ಅಷ್ಟರಲ್ಲಿ ಷೆಡ್ಡಿನ ಕಡೆಯಿಂದ ಗುಡುಗು ಕೇಳಿಸಿತು.

"ಕೆಸರಿನವರೇ! ಇಲ್ಲಿ ಬನ್ನಿ!"

ಇಸ್ತ್ರಿಯಮ್ಮನ ತಂತಿಯ ಮೇಲೆ ಹೊದಿಕೆಗಳು ನೇತಾಡುತ್ತಿದ್ದವು; ಒಂದೊಂದರ ಮೇಲೂ ತುಕ್ಕಿನ ಬಣ್ಣದ ದೊಡ್ಡ ದೊಡ್ಡ ಕಲೆ. ಮೇಷ್ಟರ ಮಂಡಿ, ಸೊಂಟ, ಹೊಟ್ಟೆ ಎಲ್ಲ ಚಿತ್ರ ಬರೆದಂತೆ ಮೂಡಿದ್ದವು.

"ಕರಿ ಕೆಸರು ಮುಟ್ಟಿದ ತಕ್ಷಣ ನೀರಿಗೆ ಹಾಕಿದ್ರೆ ಬಿಟ್ಟುಬಿಡುತ್ತೆ. ಇಷ್ಟು ವರ್ಷ ಒಂದು ಹೊದಿಕೆ ಮೇಲೂ ಚುಕ್ಕೆ ಬಿಟ್ಟವಳಲ್ಲ ನಾನು. ಇದು ಬಟ್ಟೆಗೆ ಬರೋವಾಗಲೇ ತುಕ್ಕಾಗಿ ಬಂದಿದೆ! ಮೂರು ಸಲ ಕುದಿಸಿದೆ. ನಿಮ್ಮ ಹಳದಿ ಸೋಪೂ ಹಾಕಿದೆ. ಸೋಪು ಕರಗಿತು, ಕಲೆ ಅಲ್ಲಾಡಲಿಲ್ಲ. ಏನು ಮಾಡಿದ್ರಿ ಕೆಸರಿಗೆ? ನಿಜ ಹೇಳಿ."

ಕೆಸರಣ್ಣ ಬೆಂಚಿನ ಮೇಲೆ ಕುಸಿದು ಕುಳಿತು ಎಲ್ಲವನ್ನೂ ಹೇಳಿದ: ಮೀನಿನ ಪಂಪು, ಗುಳ್ಳೆ, ಮಗುಚಿದ್ದು, ಸೋಪಿನ ಸುಳ್ಳು. ಅವಳು ಕೈಯಲ್ಲಿದ್ದ ಹೊದಿಕೆಯನ್ನು ಹಿಂಡುವುದು ನಿಲ್ಲಿಸಿ ಕೇಳಿದಳು.

"ನಾನು ಏನು ಹೇಳಿದ್ದೆ ನಿಮಗೆ?"

"ವಾಸನೆ ಬಿಟ್ಟು ಬನ್ನಿ ಅಂತ."

"ಯಾರ ವಾಸನೆ? ನಿಮ್ಮ ವಾಸನೆ! ಮೈ ಉಜ್ಜಿ ಸ್ನಾನ ಮಾಡಿ ಬನ್ನಿ ಅಂದ್ರೆ ಗುಂಡಿಗೇ ಗಾಳಿ ಹಾಕಿದ್ರಾ? ಕಿವಿ ತೊಳ್ಕೊಳ್ಳಿ ಅಂದಿದ್ರೆ ಕೆರೆನೇ ಬರಿದು ಮಾಡ್ತಿದ್ರೇನೋ!"

ಅವನು ತಲೆ ತಗ್ಗಿಸಿಕೊಂಡೇ ಇದ್ದ. ಅವನ ಮುಂದೆ ಎರಡೇ ದಾರಿ. ಗುಂಡಿ ಹೀಗೇ ಇದ್ದರೆ ಸಿಮೆಂಟು ಬೀಳುತ್ತದೆ, ಆದರೆ ಅವನು ನಾರುವುದಿಲ್ಲ. ಜೇಬಿನ ಉಂಗುರಕ್ಕೆ ಇನ್ನೂ ಆಸೆ ಇದೆ. ಗುಂಡಿ ಬದುಕಿದರೆ ವಾಸನೆ ವಾಪಸು ಬರುತ್ತದೆ. ಎಷ್ಟು ಉಜ್ಜಿದರೂ ಕೆಸರಿನವನ ಮೈಯಿಂದ ಅದು ಪೂರ್ತಿ ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಕ್ಕ ಇಷ್ಟು ವರ್ಷ ಉಜ್ಜಿಸಿದ್ದಳು.

"ಯಜಮಾನಿಗೂ ಹೇಳಿಬಿಡ್ತೀನಿ," ಎಂದ ಕೊನೆಗೆ. "ಕೆಸರನ್ನ ಮತ್ತೆ ಎಬ್ಬಿಸ್ತೀನಿ. ವಾಸನೆ ಬಂದೇ ಬರುತ್ತೆ. ಆಮೇಲೆ ನೀವು ಬೆಂಚಿನ ಆ ತುದೀಲೇ ಕೂತ್ಕೊಂಡ್ರೂ ನಾನೇನೂ ಅನ್ನಲ್ಲ."

ಅವಳು ಹೊದಿಕೆಯನ್ನು ಮತ್ತೆ ಹಿಂಡತೊಡಗಿದಳು. ಹಿಂಡಿದ ರಭಸಕ್ಕೆ ಹೊದಿಕೆ ಹಗ್ಗವಾಯಿತು.

ಯಜಮಾನಿ ಬೈಯಲಿಲ್ಲ, ನಕ್ಕು ನಕ್ಕು ಅವಳಿಗೇ ಸೊಂಟ ಹಿಡಿದುಕೊಂಡು ಕೆಸರಿನ ಮಂಚದ ಮೇಲೆ ಮಲಗಬೇಕಾಯಿತು. ಆಮೇಲೆ, "ಹೋಗಿ ಸೀಸೆ ಮೇಡಂ ಹತ್ರ ಕೇಳು. ಅಲ್ಲೀವರೆಗೂ ಸಿಮೆಂಟ್ ಬೇಡ," ಎಂದಳು. ಸೀಸೆ ಮೇಡಂ ಎಂದರೆ ಕಾಲೇಜಿನಿಂದ ಬಂದು, ಸ್ನಾನದ ಮನೆಯ ಮೇಲಿನ ಕೋಣೆ ಹಿಡಿದು, ಕೆರೆಯ ತಳದ ಮಣ್ಣನ್ನು ಸೀಸೆಗಳಲ್ಲಿ ತುಂಬಿಟ್ಟುಕೊಂಡಿದ್ದವಳು. ಕೋಣೆಯಲ್ಲಿ ಮಂಚಕ್ಕಿಂತ ಸೀಸೆಗಳೇ ಹೆಚ್ಚು. ಅವಳು ಸೀಸೆಯೊಳಗೇ ಮಲಗುತ್ತಾಳೆಂದು ಕೆಲವರು ನಂಬಿದ್ದರು.

ಕಥೆ ಕೇಳಿ ಅವಳಿಗೂ ನಗು ತಡೆಯಲಾಗಲಿಲ್ಲ. "ಅಯ್ಯೋ ಕೆಸರಣ್ಣ, ನಿಮ್ಮ ಗುಂಡೀಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಬ್ಯಾಕ್ಟೀರಿಯಾ. ನಮಗೆ ಹೊಗೆ ಹೇಗೋ ಅವಕ್ಕೆ ಗಾಳಿ ಹಾಗೆ. ನಾವು ಉಸಿರಾಡೋಕೆ ಗಾಳಿ ಬಳಸ್ತೀವಿ. ಅವು ಕೆರೆ ನೀರಿನಲ್ಲಿರೋ ಸಲ್ಫೇಟ್ ಅನ್ನೋ ಉಪ್ಪು ಬಳಸ್ತವೆ. ಅವು ಬಿಡೋ ಉಸಿರೇ ನಿಮ್ಮ ಕೊಳೆತ ಮೊಟ್ಟೆ ವಾಸನೆ. ಆ ಉಸಿರು ಮಣ್ಣಿನಲ್ಲಿರೋ ಕಬ್ಬಿಣಕ್ಕೆ ತಾಗಿದ್ರೆ ಕೆಸರು ಕಪ್ಪು. ಬೆಳ್ಳಿಗೆ ತಾಗಿದ್ರೆ ಉಂಗುರ ಕಪ್ಪು."

"ನಾನು ಅವಕ್ಕೆ ಚಳಿಗಾಲವೆಲ್ಲ ಗಾಳಿ ಊದಿದೆ."

"ಊದಿದ್ರಿ. ಅದಕ್ಕೇ ಕಬ್ಬಿಣ ತುಕ್ಕು ಹಿಡೀತು, ಕೆಸರು ಇಟ್ಟಿಗೆ ಆಯ್ತು. ಆದ್ರೆ ಪೂರ್ತಿ ಸತ್ತಿರಲ್ಲ, ಅಲ್ಲಲ್ಲಿ ಅಡಗಿ ಕೂತಿರ್ತವೆ. ಹೊಸ ಕೆರೆ ನೀರು ಹಾಕಿ. ತಿನ್ನೋಕೆ ಒಂದಿಷ್ಟು ಕೊಳೆತ ಪಾಚಿ ಕೊಡಿ. ಕೆರೆ ನಡುವಿನ ಆಳದಿಂದ ಜೀವ ಇರೋ ಕರಿ ಕೆಸರು ತಂದು ಬೆರೆಸಿ. ಗಾಳಿ ಮಾತ್ರ ಮುಟ್ಟಬಾರದು."

"ಹಾಲಿಗೆ ಹೆಪ್ಪು ಹಾಕಿದ ಹಾಗೆ," ಎಂದ ಕೆಸರಣ್ಣ.

"ಅದೇ. ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸಬಾರದು, ಅಷ್ಟೇ."

ಮರುದಿನ ಬೆಳಿಗ್ಗೆ ದೋಣಿ ಬಿಚ್ಚುವಾಗ ಇಸ್ತ್ರಿಯಮ್ಮ ಬಟ್ಟೆ ನೆನೆಸುವ ದೊಡ್ಡ ಮುಚ್ಚಳದ ಡ್ರಮ್ಮನ್ನು ಉರುಳಿಸಿಕೊಂಡು ಬಂದಳು. ಗಾಳಿ ಹೋಗದ ಹಾಗೆ ಮುಚ್ಚಬಲ್ಲ ಪಾತ್ರೆ ಅಲ್ಲೆಲ್ಲ ಅದೊಂದೇ.

"ಡ್ರಮ್ ಕೊಟ್ರೆ ಸಾಕಿತ್ತು," ಎಂದ ಅವನು.

"ನಿಮ್ಮ ಕೈಗೆ ಡ್ರಮ್ ಕೊಟ್ಟು ಸುಮ್ನೆ ಕೂತ್ರೆ ಅದಕ್ಕೂ ಪಂಪು ಇಟ್ಟುಬಿಡ್ತೀರಿ. ಜರುಗಿ."

ಕೆರೆಯ ನಡುವೆ ನೀರು ಕನ್ನಡಿಯ ಹಾಗೆ ನಿಂತಿತ್ತು. ಕೆಸರಣ್ಣ ಉದ್ದ ಗಳುವಿಗೆ ಕಟ್ಟಿದ ಬಕೆಟ್ಟನ್ನು ಇಳಿಸಿ ಇಳಿಸಿ ಎತ್ತಿದ. ಎಣ್ಣೆಯಂತೆ ಹೊಳೆಯುವ ಕರಿ ಕೆಸರು ಬಂತು, ಜೊತೆಗೆ ಆ ವಾಸನೆಯೂ ಬಂತು. ದೋಣಿಯ ಮೇಲೆ ಹಾರುತ್ತಿದ್ದ ಒಂದು ಹಕ್ಕಿ ಆಕಾಶದಲ್ಲೇ ದಾರಿ ಬದಲಿಸಿತು. ಇಸ್ತ್ರಿಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾಳೆಂದು ಅವನು ಕಾದ. ಅವಳ ಎರಡು ಕೈಯೂ ಡ್ರಮ್ಮಿನ ಮುಚ್ಚಳದ ಮೇಲೇ ಇದ್ದವು. ಒಂದೊಂದು ಬಕೆಟ್ಟು ಸುರಿದಾಗಲೂ, ಅವಳು ಮೇಲೆ ಕೆರೆಯ ನೀರು ತುಂಬಿ, "ಹುಂ, ಇನ್ನೊಂದು," ಎನ್ನುತ್ತಿದ್ದಳು. ಅವಳು ಮುಚ್ಚಳ ಬಿಗಿಯುತ್ತಿದ್ದ ಚುರುಕು ನೋಡಿ ಕೆಸರೂ ಹೆದರಿ ಒಳಗೇ ಉಳಿಯಿತು.

ವಾಪಸು ಬಂದಾಗ ಸೀಸೆ ಮೇಡಂ ಒಂದು ಚಮಚ ಕೆಸರು ಬೇಡಿ ತೆಗೆದುಕೊಂಡು, ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೇಲಿನಿಂದ ದೀಪ ಬಿಟ್ಟು, "ಇಬ್ಬರೂ ನೋಡಿ," ಎಂದಳು. ಇಸ್ತ್ರಿಯಮ್ಮ ಮೊದಲು ಕಣ್ಣಿಟ್ಟಳು. ಇಟ್ಟ ಕಣ್ಣು ತೆಗೆಯಲಿಲ್ಲ.

"ಏನ್ ಕಾಣ್ತಿದೆ?" ಎಂದು ಕೆಸರಣ್ಣ ಕಾಲು ಬದಲಿಸುತ್ತಾ ಕೇಳಿದ.

"ಹಿಪ್ಪುನೇರಳೆ ಹಣ್ಣು. ಆದ್ರೆ ಚಿನ್ನದ್ದು. ಸಣ್ಣ ಸಣ್ಣ ಗುಂಡು, ಒಂದೊಂದರಲ್ಲೂ ನೂರಾರು ಹರಳು ಒತ್ತೊತ್ತಾಗಿ. ಮೇಡಂ, ಇದು ನಿಜವಾಗ್ಲೂ ಚಿನ್ನಾನಾ?"

"ಚಿನ್ನ ಅಲ್ಲಮ್ಮ. ಕಬ್ಬಿಣ ಮತ್ತು ಗಂಧಕ. ಆ ಜೀವಿಗಳ ಉಸಿರು ಕಬ್ಬಿಣದ ಜೊತೆ ಸೇರಿ ಮೊದಲು ಕಪ್ಪಾಗುತ್ತೆ. ಯಾರೂ ಕದಡದೆ ಬಿಟ್ರೆ ನಿಧಾನಕ್ಕೆ ಹೀಗೆ ಹರಳುಗಟ್ಟುತ್ತೆ. ನಿಮ್ಮ ಕೆರೆ ತಳದ ತುಂಬ ಇದೇ."

"ಈ ನಾರೋದರ ಒಳಗಾ?"

"ನಾರೋದರಿಂದಲೇ."

ಇಸ್ತ್ರಿಯಮ್ಮ ಕಣ್ಣು ತೆಗೆದು ಕೆಸರಣ್ಣನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು, ಅವನನ್ನೂ ದೀಪದ ಕೆಳಗೆ ಇಟ್ಟಿದ್ದಾರೇನೋ ಎಂಬಂತೆ. ಆಮೇಲೆ ಮೆಟ್ಟಿಲಿಳಿದು ಹೋದಳು.

ಹೆಪ್ಪು ಹಾಕಿದ್ದಾಯಿತು. ಪಾಚಿ, ಹೊಸ ನೀರು, ಹಲಗೆ. ಪಂಪು ಮೀನುಗಳ ಪಾಲಿಗೆ ಮರಳಿತು. ಯಜಮಾನಿ ರೋಗಿಗಳಿಗೆ ಬರೀ ಬಿಸಿನೀರಿನ ಸ್ನಾನ ಹೇಳಿ ದಿನ ದೂಡಿದಳು. ಆಮೇಲೆ ಶುರುವಾಯಿತು ನೋಡಿ, ಮೂಗುಗಳ ಕಾಯುವಿಕೆ. ಬೆಳಗಾದರೆ ಮೇಷ್ಟರು ಊರುಗೋಲು ಊರಿಕೊಂಡು ಬಂದು ಹಲಗೆಯ ಸಂದಿಗೆ ಮೂಗಿಟ್ಟು, "ಇವತ್ತೂ ಇಲ್ಲ," ಎಂದು ತಲೆಯಲ್ಲಾಡಿಸುತ್ತಿದ್ದರು. ತೋಟದವನು ಮೂಸಿದ. ಯಜಮಾನಿ ಮೂಸಿದಳು. ನೆಗಡಿಯಾದವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅವರ ಅಭಿಪ್ರಾಯಕ್ಕೆ ಬೆಲೆಯಿಲ್ಲ. ಇಡೀ ಊರು ಸುವಾಸನೆಗೂ ಹೀಗೆ ಕಾದದ್ದು ಎಂದೂ ಇರಲಿಕ್ಕಿಲ್ಲ. ಕೆಸರಣ್ಣ ಮಾತ್ರ ದೂರ ನಿಂತಿದ್ದ. ಮೂಸಲು ಭಯ. ವಾಸನೆ ಬರದಿದ್ದರೆ ಕೆಸರು ಹೋಯಿತು, ಬಂದರೆ ಬೆಂಚಿನ ಈ ತುದಿ ಖಾಲಿಯಾಯಿತು.

ವಾರಗಳು ಕಳೆದವು. ಒಂದು ಮಧ್ಯಾಹ್ನ ಅವನು ಒಣಗಿದ ಕೈಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ, ಷೆಡ್ಡಿನ ಬಾಗಿಲು ದಡಾರನೆ ತೆರೆಯಿತು. ಇಸ್ತ್ರಿಯಮ್ಮ ಮೊಣಕೈವರೆಗೂ ಸೋಪಿನ ನೊರೆ ಹೊತ್ತುಕೊಂಡು ಅಂಗಳದ ನಡುವೆ ಓಡಿಬಂದಳು. ಅವಳು ಓಡಿದ್ದನ್ನು ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ.

"ರೀ...! ಬನ್ನಿ ರೀ! ನಾರ್ತಾ ಇದೆ! ಎಷ್ಟು ಚೆನ್ನಾಗಿ ನಾರ್ತಾ ಇದೆ!"

ಅಂಗಳದಲ್ಲಿದ್ದವರೆಲ್ಲ ಗುಂಡಿಯ ಕಡೆ ಓಡಿದರು. ಕೆಸರಣ್ಣ ಮಾತ್ರ ಎಣ್ಣೆಯ ಡಬ್ಬಿ ಹಿಡಿದು ನಿಂತಲ್ಲೇ ನಿಂತ. ಅವಳು "ಕೆಸರಿನವರೇ" ಎಂದಿರಲಿಲ್ಲ. ಬರೀ "ರೀ" ಎಂದಿದ್ದಳು, ಅದೂ ಇಡೀ ಸ್ನಾನದ ಮನೆಗೆ ಕೇಳುವ ಹಾಗೆ. ಯಜಮಾನಿ ಅದನ್ನು ಕೇಳಿ ತೋಟದವನ ಮುಖ ನೋಡಿದಳು. ತೋಟದವನು ಕೇಳಿ ಮೇಷ್ಟರ ಪಕ್ಕೆಗೆ ತಿವಿದ. ಎಣ್ಣೆ ಚಕ್ರ ಬಿಟ್ಟು ಕೆಸರಣ್ಣನ ಚಪ್ಪಲಿಗೆ ಸುರಿಯುತ್ತಿತ್ತು.

ಹಲಗೆ ಎತ್ತಿದರು. ಕೆಸರು ಕಾಡಿಗೆಯ ಹಾಗೆ ಮಿನುಗುತ್ತಿತ್ತು. ಎಲ್ಲರ ಕಣ್ಣಲ್ಲೂ ನೀರು. ಮೇಷ್ಟರಂತೂ ಅಲ್ಲೇ ಪಂಚೆ ಎತ್ತಿಕೊಂಡು ಮಂಡಿ ಮುಂದೆ ಮಾಡಿ ನಿಂತರು.

ಗಲಾಟೆ ತಣ್ಣಗಾದ ಮೇಲೆ ಇಸ್ತ್ರಿಯಮ್ಮ ಬೆಂಚಿನ ಮೇಲೆ ಬಂದು ಕುಳಿತಳು. ಈ ತುದಿಯಲ್ಲೇ.

"ಎಲ್ಲಿ ಅದು?"

"ಯಾವುದು?"

"ಜೇಬಿನಲ್ಲಿ ಇಟ್ಕೊಂಡು ಚಳಿಗಾಲವೆಲ್ಲ ತಡಕಾಡ್ತಿದ್ರಲ್ಲ, ಅದು."

ಅವನು ಉಂಗುರ ತೆಗೆದ. ತಿಕ್ಕಿ ತಿಕ್ಕಿ ಅದು ಅರ್ಧ ಸವೆದುಹೋಗಿತ್ತು, ಆದರೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. "ಇವತ್ತು ಹಾಕ್ಕೊಂಡ್ರೆ ನಾಳೆಗೆ ಕಪ್ಪಾಗುತ್ತೆ," ಎಂದು ಮೆಲ್ಲಗೆ ಎಚ್ಚರಿಸಿದ.

"ಆಗ್ಲಿ. ಆಗಲೇಬೇಕು." ಅವಳು ಉಂಗುರ ತೊಟ್ಟು, ಬೆರಳನ್ನು ಬಿಸಿಲಿಗೆ ಹಿಡಿದಳು. "ದಿನಾ ಬೆಳಿಗ್ಗೆ ಎದ್ದು ಇದನ್ನೇ ನೋಡ್ತೀನಿ. ಬೆಳ್ಳಗೇ ಇದ್ರೆ ನೀವು ಮತ್ತೆ ಗುಂಡಿಗೆ ಏನೋ ಕಿತಾಪತಿ ಮಾಡಿದ್ದೀರಿ ಅಂತ ಗೊತ್ತಾಗುತ್ತೆ. ಇನ್ನು ಹಲ್ಲುಪುಡಿ ಮುಟ್ಟಿದ್ರೆ ನೋಡಿ."

"ಮತ್ತೆ ನನ್ನ ವಾಸನೆ?"

"ಅದಕ್ಕೆ ಸೋಪಿದೆ. ಹಳದಿದಲ್ಲ, ಬಟ್ಟೆಗೆ ಹಾಕೋದು. ಉಜ್ಜೋಕೆ ನಾನಿದ್ದೀನಿ."

ಮುಂದಿನದನ್ನು ಉದ್ದ ಮಾಡುವಂಥದ್ದೇನಿಲ್ಲ. ಅವಳು ಕೆಸರಣ್ಣನ ಮನೆಗೆ ಬಂದ ದಿನ ಅಕ್ಕ ಬಾಗಿಲಲ್ಲಿ ನಿಂತು ಇಬ್ಬರನ್ನೂ ಮೂಸಿದಳು. ಮದುವೆಯ ಹೊಸ ಬಟ್ಟೆಯ ಒಳಗಿಂದಲೂ ಕೆರೆ ಇಣುಕುತ್ತಿತ್ತು. ಈಗ ಅಕ್ಕನ ಮೂಗಿಗೆ ಅವರು ತಿರುವಿಗಿಂತಲೂ ಹಿಂದೆ, ಸೇತುವೆ ದಾಟುವಾಗಲೇ ಸಿಗುತ್ತಾರೆ. ಒಲೆ ಅಷ್ಟು ಬೇಗ ಹಚ್ಚುವುದರಿಂದ ಅಡುಗೆ ಚೆನ್ನಾಗಿ ಬೇಯುತ್ತದೆ ಎಂದು ಅವಳೇ ಒಪ್ಪುತ್ತಾಳೆ. ಆದರೆ ನಿಯಮ ನಿಯಮವೇ. ಅದೇ ದಿನ ಸುತ್ತಿಗೆ ಹುಡುಕಿ, ಸ್ಟೂಲು ಹತ್ತಿ, ಹಿತ್ತಿಲ ಗೋಡೆಯಲ್ಲಿ ತಮ್ಮನ ಮೊಳೆಯ ಪಕ್ಕಕ್ಕೆ ಇನ್ನೊಂದು ಮೊಳೆ ಹೊಡೆದಳು.